ಶೋಪ್ಯಾನ್ ಪತ್ರಗಳನ್ನು ಕೂಡಿಸಿದ ಒಪ್ಯೆನ್ಸ್ಕಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ನಿವೃತ್ತ ಇಂಗ್ಲಿಷ್ ಉಪನ್ಯಾಸಕ. ಮಗಳು ಪಿಯಾನೊ ಕಲಿಯುವಾಗ ಪಕ್ಕದಲ್ಲಿ ಕೂತು ಕೇಳಿ ಕೇಳಿ ನನಗೂ ಹತ್ತೊಂಬತ್ತನೇ ಶತಮಾನದ ಪೋಲಿಷ್ ಸಂಯೋಜಕ ಶೋಪ್ಯಾನ್‌ನ ಗೀಳು ಹತ್ತಿತು. ಹಳೇ ಪುಸ್ತಕದಂಗಡಿಯಲ್ಲಿ ಅವನ ಪತ್ರಗಳ ಇಂಗ್ಲಿಷ್ ಸಂಪುಟ ಸಿಕ್ಕಿತು. ಸಂಗ್ರಹಿಸಿದವರು ಹೆನ್ರಿಕ್ ಒಪ್ಯೆನ್ಸ್ಕಿ, ಅನುವಾದಿಸಿದವರು ಇ. ಎಲ್. ವಾಯ್ನಿಚ್, ಮೊದಲ ಮುದ್ರಣ 1931. ಅದರಿಂದ ಆರಿಸಿದ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಈಗ ಸಂಗೀತ ಬಲ್ಲ ಸ್ನೇಹಿತರೊಬ್ಬರು ತಲೆಗೆ ಹುಳ ಬಿಟ್ಟಿದ್ದಾರೆ. ಒಪ್ಯೆನ್ಸ್ಕಿ ವಿದ್ವಾಂಸನೇ ಅಲ್ಲವಂತೆ, ಹೆಸರು ಮಾಡಲಾಗದ ಸಂಯೋಜಕನಂತೆ, ಓದಿದ್ದು ರಸಾಯನಶಾಸ್ತ್ರವಂತೆ. ಶೋಪ್ಯಾನ್‌ನ ಮಾನ ಕಾಯಲೆಂದು ಡೆಲ್ಫಿನಾ ಪೊತೊಟ್ಸ್ಕಾ ಎಂಬ ಕೌಂಟೆಸ್‌ಗೆ ಬರೆದ ಶೃಂಗಾರದ ಪತ್ರಗಳನ್ನು ಮುಚ್ಚಿಟ್ಟನಂತೆ. ಆ ಪತ್ರಗಳು ಅಂತರ್ಜಾಲದಲ್ಲಿ ನನಗೂ ಸಿಕ್ಕವು. ಶೃಂಗಾರದ ಜೊತೆಗೆ ಸಂಗೀತದ ಬಗ್ಗೆ ಭಾರಿ ಮಾತುಗಳೂ ಇವೆ. ಅವನ್ನು ಸೇರಿಸಲೇ? ಇಂಗ್ಲಿಷಿನಿಂದ ಮಾಡಿದ ಅನುವಾದಕ್ಕೆ ಬೆಲೆ ಇದೆಯೇ? ಹಕ್ಕಿನ ತಕರಾರು ಬರಬಹುದೇ? ಮುನ್ನುಡಿಯಲ್ಲಿ ಒಪ್ಯೆನ್ಸ್ಕಿ ಬಗ್ಗೆ ಏನು ಬರೆಯಲಿ?

ಉತ್ತರ: ನಿಮ್ಮ ಪ್ರಶ್ನೆಗಳು ನಾಲ್ಕಾದರೂ ಆತಂಕ ಎರಡೇ. ಕೈಯಲ್ಲಿರುವ ಪುಸ್ತಕ ಗಟ್ಟಿಯೋ ಟೊಳ್ಳೋ ಎಂಬುದು ಒಂದು. ಅದರಲ್ಲಿ ಇಲ್ಲದ್ದನ್ನು ಬೇಕೆಂದೇ ಬಿಟ್ಟರೋ ಎಂಬುದು ಇನ್ನೊಂದು. ಎರಡನೆಯದರ ಉತ್ತರ ಸುಲಭ, ಅದನ್ನೇ ಮೊದಲು ಮುಗಿಸೋಣ.

ಒಪ್ಯೆನ್ಸ್ಕಿ ತೀರಿಕೊಂಡದ್ದು 1942ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಮೊರ್ಜ್ ಪಟ್ಟಣದಲ್ಲಿ. ನೀವು ಓದಿದ ಪೊತೊಟ್ಸ್ಕಾ ಪತ್ರಗಳು ಹೊರಗೆ ಬಂದದ್ದು 1945ರಲ್ಲಿ. ಯುದ್ಧ ಮುಗಿದ ವರ್ಷ ಪೌಲಿನಾ ಚೆರ್ನಿತ್ಸ್ಕಾ ಎಂಬ ಮಹಿಳೆ ತಮ್ಮ ಬಳಿ ಶೋಪ್ಯಾನ್ ಡೆಲ್ಫಿನಾಗೆ ಬರೆದ ಪತ್ರಗಳ ಪಠ್ಯವಿದೆ ಎಂದು ಪೋಲೆಂಡಿನಲ್ಲಿ ಮುಂದೆ ಬಂದರು. ಡೆಲ್ಫಿನಾಳ ತವರು ಮನೆತನದ ಜೊತೆ ತಮಗೆ ನಂಟಿದೆ, ಅಲ್ಲಿಂದ ಬಂದ ಕಾಗದಗಳಿವು ಎಂಬುದು ಅವರ ಮಾತು. ಮೂಲ ತೋರಿಸಿ ಎಂದು ವಿದ್ವಾಂಸರು ಕೇಳಿದಾಗಲೆಲ್ಲ ಒಂದಲ್ಲ ಒಂದು ನೆವ ಬಂತೇ ಹೊರತು ಮೂಲ ಬರಲಿಲ್ಲ. 1949ರಲ್ಲಿ ಅವರು ತೀರಿಕೊಂಡ ಮೇಲೂ ಶೋಪ್ಯಾನ್‌ನ ಕೈಬರಹದ ಒಂದೇ ಒಂದು ಹಾಳೆ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಕೆಲವು ಛಾಯಾಪ್ರತಿಗಳು ತಲೆಯೆತ್ತಿದವು, ಅವುಗಳ ಮೇಲೂ ವರ್ಷಗಟ್ಟಲೆ ಜಗಳ ನಡೆಯಿತು. 1962ರಲ್ಲಿ ಶೋಪ್ಯಾನ್ ಪತ್ರಗಳನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಹೊರತಂದ ಆರ್ಥರ್ ಹೆಡ್ಲಿ ಇವನ್ನು ಖೊಟ್ಟಿ ಎಂದು ತಳ್ಳಿಹಾಕಿದರು. ಇಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಬಹುಪಾಲು ಎಲ್ಲರ ಅಭಿಪ್ರಾಯವೂ ಅದೇ.

ಯುದ್ಧಕ್ಕೆ ಮುಂಚೆಯೂ ಇಂಥ ಪತ್ರಗಳಿವೆ ಎಂಬ ಗಾಳಿಮಾತು ಓಡಾಡುತ್ತಿತ್ತು, ಅದು ನಿಜ. ಆದರೆ ಗಾಳಿಮಾತನ್ನು ಯಾವ ಸಂಪಾದಕನೂ ಸಂಪುಟದಲ್ಲಿ ಅಚ್ಚು ಹಾಕಿಸಲಾರ. ಹಾಗಾಗಿ ‘ಮುಚ್ಚಿಟ್ಟ’ ಎಂಬ ಆರೋಪವನ್ನು ಇಲ್ಲಿಗೆ ಕೈಬಿಡಿ.

ಪೊತೊಟ್ಸ್ಕಾ ಪತ್ರಗಳನ್ನು ನಂಬಿದವರೆಲ್ಲ ಪೆದ್ದರು ಎಂದು ಮಾತ್ರ ಬರೆಯಬೇಡಿ. ಅವುಗಳ ಪರವಾಗಿ ಕೊನೆಯವರೆಗೂ ವಾದಿಸಿದ ಮತೇಯುಷ್ ಗ್ಲಿನ್ಸ್ಕಿ ಕೂಡ ಪೋಲೆಂಡಿನ ಸಂಯೋಜಕ, ಸಂಗೀತ ವಿದ್ವಾಂಸ, ಎರಡು ಯುದ್ಧಗಳ ನಡುವೆ ವಾರ್ಸಾದಲ್ಲಿ ಒಳ್ಳೆಯ ಸಂಗೀತ ಪತ್ರಿಕೆ ನಡೆಸಿದವರು. ಡೆಲ್ಫಿನಾ ಕಟ್ಟುಕಥೆಯ ಪಾತ್ರವೂ ಅಲ್ಲ. 1836ರಲ್ಲಿ ಅಚ್ಚಾದ ಎಫ್ ಮೈನರ್ ಪಿಯಾನೊ ಕಾನ್ಚೆರ್ಟೊವನ್ನು, ಹನ್ನೊಂದು ವರ್ಷದ ಮೇಲೆ ಡಿ ಫ್ಲ್ಯಾಟ್ ಮೇಜರ್‌ನ ಪುಟ್ಟ ವಾಲ್ಟ್ಸ್ ಒಂದನ್ನು ಶೋಪ್ಯಾನ್ ಅವಳಿಗೇ ಅರ್ಪಿಸಿದ. 1849ರ ಅಕ್ಟೋಬರಿನಲ್ಲಿ ಅವನು ಪ್ಯಾರಿಸ್ಸಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದಾಗ ನೀಸ್‌ನಿಂದ ಬಂದು ಹಾಡಿದವಳು ಅವಳು. ನಿಜವಾದ ಸ್ನೇಹ, ನಿಜವಾದ ಅರ್ಪಣೆ, ನಡುವೆ ಪತ್ರಗಳದ್ದೊಂದು ಖಾಲಿ ಜಾಗ. ಖೊಟ್ಟಿ ಬರಹ ಯಾವಾಗಲೂ ಇಂಥ ಜಾಗ ನೋಡಿಯೇ ಬಂದು ಕೂರುತ್ತದೆ. ವಚನಗಳ ಪರಿಷ್ಕರಣೆ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು: ಅಂಕಿತ ಸರಿ ಇದೆ, ಹೇಳುವ ಮಾತು ನಮಗೆ ಬೇಕಾದಂತೆಯೇ ಇದೆ, ಓಲೆಪ್ರತಿ ಮಾತ್ರ ಎಲ್ಲೂ ಸಿಗುವುದಿಲ್ಲ.

ಈ ಪತ್ರಗಳಲ್ಲಿ ನನಗೆ ಅನುಮಾನ ಹುಟ್ಟಿಸುವುದು ಶೃಂಗಾರವಲ್ಲ, ನೀವು ಮೆಚ್ಚಿದ ಆ ಭಾರಿ ಮಾತುಗಳು. ನಿಜವಾದ ಶೋಪ್ಯಾನ್ ತನ್ನ ಸಂಗೀತದ ಬಗ್ಗೆ ಬರೆಯುವಾಗ ಮಹಾ ಜಿಪುಣ. ನಿಮ್ಮ ಸಂಪುಟದಲ್ಲೇ 1839ರ ಆಗಸ್ಟಿನಲ್ಲಿ ಫ್ರಾನ್ಸಿನ ನೊಹಾಂಟ್‌ನಿಂದ ಗೆಳೆಯ ಯೂಲಿಯನ್ ಫೊಂತಾನಾಗೆ ಬರೆದ ಪತ್ರ ತೆಗೆಯಿರಿ. ಬಿ ಫ್ಲ್ಯಾಟ್ ಮೈನರ್ ಸೊನಾಟಾ ಬರೆಯುತ್ತಿದ್ದಾನೆ. ಜಗತ್ತೆಲ್ಲ ಬಲ್ಲ ಆ ಶವಯಾತ್ರೆಯ ಮಾರ್ಚ್ ಇರುವುದು ಅದರಲ್ಲೇ. ಮಾರ್ಚ್ ಮುಗಿದ ಮೇಲೆ ಬರುವ ಕೊನೆಯ ಭಾಗದ ಬಗ್ಗೆ ಅವನು ಹೇಳುವುದಿಷ್ಟೆ: ಎಡಗೈ ಬಲಗೈ ಒಂದೇ ಸ್ವರದಲ್ಲಿ ಹರಟೆ ಹೊಡೆಯುತ್ತವೆ. ಹತ್ತೊಂಬತ್ತನೇ ಶತಮಾನದ ಅತಿ ವಿಚಿತ್ರವಾದ ಒಂದೂವರೆ ನಿಮಿಷದ ಸಂಗೀತಕ್ಕೆ ಅದನ್ನು ಬರೆದವನೇ ಕೊಟ್ಟ ವಿವರಣೆ ಅದು. ಅದೇ ವರ್ಷದ ಶರತ್ಕಾಲದಲ್ಲಿ ಪ್ಯಾರಿಸ್ಸಿಗೆ ಮರಳುವ ಮುಂಚೆ ಅದೇ ಫೊಂತಾನಾಗೆ ಬಾಡಿಗೆ ಮನೆಯ ಗೋಡೆಗೆ ಯಾವ ಕಾಗದ ಅಂಟಿಸಬೇಕೆಂದು ಬರೆದ ಪತ್ರ ನೋಡಿ. ಪಾರಿವಾಳದ ಬೂದುಬಣ್ಣ, ಹೊಳಪಿರಬೇಕು, ಅಂಚಿಗೆ ಕಡುಹಸಿರಿನ ಪಟ್ಟಿ, ಪಟ್ಟಿ ಬಹಳ ಅಗಲ ಬೇಡ. ಸೊನಾಟಾಕ್ಕಿಂತ ಗೋಡೆಗೆ ಮಾತು ಹೆಚ್ಚು! ಟೋಪಿ ಎಲ್ಲಿ ಹೊಲಿಸಬೇಕು, ಪ್ಯಾಂಟು ಯಾವ ಬಣ್ಣದ್ದು, ಇವೂ ಇವೆ. ಮಜೋರ್ಕಾ ದ್ವೀಪದಿಂದ 1838ರ ಡಿಸೆಂಬರ್ 3ರಂದು ಬರೆದದ್ದಂತೂ ಕಪ್ಪು ಹಾಸ್ಯದ ಮಾದರಿ. ದ್ವೀಪದ ಮೂವರು ಹೆಸರಾಂತ ವೈದ್ಯರು ಬಂದರು. ಒಬ್ಬ ನಾನು ಉಗುಳಿದ್ದನ್ನು ಮೂಸಿದ, ಇನ್ನೊಬ್ಬ ಉಗುಳು ಹೊರಡುವ ಜಾಗವನ್ನು ತಟ್ಟಿದ, ಮತ್ತೊಬ್ಬ ನಾನು ಉಗುಳುವ ಸದ್ದಿಗೆ ಕಿವಿಗೊಟ್ಟ. ಒಬ್ಬನ ಪ್ರಕಾರ ನಾನು ಸತ್ತಾಗಿದೆ, ಒಬ್ಬನ ಪ್ರಕಾರ ಸಾಯುತ್ತಿದ್ದೇನೆ, ಮತ್ತೊಬ್ಬನ ಪ್ರಕಾರ ಸಾಯಲಿದ್ದೇನೆ, ಎಂಬ ಧಾಟಿ.

ಇಷ್ಟನ್ನು ಓದಿ ಪೊತೊಟ್ಸ್ಕಾ ಪತ್ರಗಳಿಗೆ ಮರಳಿದರೆ ಅಲ್ಲಿ ಒಬ್ಬ ಸೌಂದರ್ಯಮೀಮಾಂಸಕ ಪುಟಗಟ್ಟಲೆ ಮಾತಾಡುತ್ತಿರುತ್ತಾನೆ. ಸೃಷ್ಟಿ ಎಂದರೇನು, ಕಾಮಕ್ಕೂ ಕಲೆಗೂ ನಂಟೇನು, ಎಲ್ಲಕ್ಕೂ ಅವನ ಹತ್ತಿರ ಸಿದ್ಧ ಉತ್ತರ. ಧಾಟಿಯೊಂದೇ ಸಾಕ್ಷ್ಯವಾಗುವುದಿಲ್ಲ, ಒಪ್ಪುತ್ತೇನೆ. ಮೂಲಪ್ರತಿಯೂ ಇಲ್ಲ, ಧಾಟಿಯೂ ಹೊಂದುವುದಿಲ್ಲ ಎಂದಾಗ ಮಾತ್ರ ತೀರ್ಮಾನಕ್ಕೆ ಬರಬಹುದು. ಸೇರಿಸಬೇಡಿ. ಓದುಗರು ಕೇಳಿಯೇ ಕೇಳುತ್ತಾರೆ ಅನಿಸಿದರೆ ಮುನ್ನುಡಿಯಲ್ಲಿ ಒಂದು ಪ್ಯಾರಾದಲ್ಲಿ ಈ ಕಥೆ ಹೇಳಿ. ಪತ್ರಗಳ ಸಾಲುಗಳನ್ನು ಉದ್ಧರಿಸುವುದೂ ಬೇಡ. ಒಮ್ಮೆ ಕನ್ನಡದಲ್ಲಿ ಅಚ್ಚಾದ ಸಾಲು ‘ಶೋಪ್ಯಾನ್ ಹೇಳಿದ್ದು’ ಎಂದು ಸುತ್ತತೊಡಗಿದರೆ ನಿಮ್ಮ ಅಡಿಟಿಪ್ಪಣಿ ಅದರ ಬೆನ್ನು ಹತ್ತಲಾರದು.

ಇನ್ನು ಒಪ್ಯೆನ್ಸ್ಕಿ ಯಾರು ಎಂಬ ಮಾತು. ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ರಸಾಯನಶಾಸ್ತ್ರ ನಿಜ. 1870ರ ಜನವರಿ 13ರಂದು ಕ್ರಾಕುವ್‌ನಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ರಸಾಯನಶಾಸ್ತ್ರ ಓದಿದರು. ಪಿಟೀಲು ಮೊದಲಿಂದಲೂ ಇತ್ತು. ಆಮೇಲೆ ಸಂಗೀತಕ್ಕೇ ಇಳಿದರು: ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ದಾಂದಿ, ಬರ್ಲಿನ್ನಿನಲ್ಲಿ ಹೈನ್ರಿಶ್ ಉರ್ಬಾನ್ ಬಳಿ ಸಂಯೋಜನೆ, ಲೈಪ್ಜಿಗ್‌ನಲ್ಲಿ ಹ್ಯೂಗೊ ರೀಮನ್ ಬಳಿ ಸಂಗೀತಶಾಸ್ತ್ರ, ಆರ್ಥರ್ ನಿಕಿಶ್ ಬಳಿ ವಾದ್ಯವೃಂದ ನಡೆಸುವ ವಿದ್ಯೆ. ರೀಮನ್ ಆ ಕಾಲದ ಸಂಗೀತಶಾಸ್ತ್ರಕ್ಕೆ ದಿಕ್ಕು ತೋರಿಸಿದ ಮನುಷ್ಯ, ನಿಕಿಶ್ ಯುರೋಪಿನ ಅತಿ ದೊಡ್ಡ ನಿರ್ದೇಶಕರಲ್ಲೊಬ್ಬ. ಹವ್ಯಾಸಿಗಳು ಇಷ್ಟು ಕಡೆ ಹೋಗಿ ಇಂಥವರ ಕಾಲ ಬಳಿ ಕೂರುವುದಿಲ್ಲ.

‘ಸಂಯೋಜಕ, ಹಾಗಾಗಿ ವಿದ್ವಾಂಸನಲ್ಲ’ ಎಂಬ ತರ್ಕ ಆಗಿನ ಪೋಲೆಂಡಿಗೆ ಒಪ್ಪುವುದೇ ಇಲ್ಲ. 1795ರಿಂದ 1918ರವರೆಗೆ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿ ಇರಲಿಲ್ಲ. ವಾರ್ಸಾ ರಷ್ಯಾದ ಕೈಯಲ್ಲಿ, ಕ್ರಾಕುವ್ ಆಸ್ಟ್ರಿಯಾದಲ್ಲಿ, ಪೊಜ್ನಾನ್ ಪ್ರಷ್ಯಾದಲ್ಲಿ. ಪೋಲಿಷ್ ವಿಶ್ವವಿದ್ಯಾಲಯಗಳಲ್ಲಿ ಸಂಗೀತಶಾಸ್ತ್ರಕ್ಕೆ ಜಾಗ ಸಿಕ್ಕದ್ದು 1911ರಲ್ಲಿ ಕ್ರಾಕುವ್‌ನಲ್ಲಿ, 1912ರಲ್ಲಿ ಲ್ವೂವ್‌ನಲ್ಲಿ. ಅದಕ್ಕೆ ಮುಂಚೆ ಹಳೆಯ ಪೋಲಿಷ್ ಸಂಗೀತವನ್ನು ಹುಡುಕುವ, ನಕಲು ಮಾಡುವ, ಅಚ್ಚಿಗೆ ತರುವ ಕೆಲಸ ಬಹುಪಾಲು ಸಂಗೀತಗಾರರ ಹೆಗಲಿಗೇ ಬಿದ್ದಿತ್ತು. ಶೋಪ್ಯಾನ್ ಮನೆತನದಲ್ಲಿ ಉಳಿದ ಪತ್ರಗಳನ್ನು 1904ರಲ್ಲಿ ಪುಸ್ತಕವಾಗಿ ಹೊರತಂದ ಮಿಯೆಚಿಸ್ಲಾವ್ ಕಾರ್ಲೊವಿಚ್ ಕೂಡ ಸಂಯೋಜಕರೇ. ಐದು ವರ್ಷದ ಮೇಲೆ ತಾತ್ರಾ ಬೆಟ್ಟಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಒಪ್ಯೆನ್ಸ್ಕಿ ಅದೇ ದಾರಿಯವರು. 1909ರಲ್ಲಿ ಶೋಪ್ಯಾನ್ ಬಗ್ಗೆ ಪುಸ್ತಕ, ಮರುವರ್ಷ ಪಿಯಾನೊ ವಾದಕ ಪಾದೆರೆವ್ಸ್ಕಿ ಬಗ್ಗೆ, 1912ರಲ್ಲಿ ಜಗತ್ತಿನ ಸಂಗೀತದ ಇತಿಹಾಸದ ರೂಪರೇಷೆ, 1924ರಲ್ಲಿ ಒಪೆರಾ ಸಂಯೋಜಕ ಮೊನ್ಯುಷ್ಕೊ ಬಗ್ಗೆ. 1911ರಿಂದ 1914ರವರೆಗೆ ವಾರ್ಸಾದಲ್ಲಿ ‘ಕ್ವಾರ್ತಾಲ್ನಿಕ್ ಮುಜಿಚ್ನಿ’ ಎಂಬ ತ್ರೈಮಾಸಿಕದ ಸಂಪಾದಕರು. ಪೋಲಿಷಿನಲ್ಲಿ ಸಂಗೀತಶಾಸ್ತ್ರಕ್ಕೆಂದೇ ಹೊರಟ ಮೊದಲ ಪತ್ರಿಕೆ ಅದು.

ಮುನ್ನುಡಿಯಲ್ಲಿ ನೀವು ಹೆಚ್ಚು ಜಾಗ ಕೊಡಬೇಕಾದದ್ದು ಲೂಟ್ ಎಂಬ ಹಳೆಯ ತಂತಿವಾದ್ಯದ ಮೇಲೆ ಅವರು ಮಾಡಿದ ಕೆಲಸಕ್ಕೆ. 1914ರಲ್ಲಿ ಲೈಪ್ಜಿಗ್‌ನಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟದ್ದು ವ್ಯಾಲೆಂಟಿನ್ ಬಾಕ್‌ಫಾರ್ಕ್ ಕುರಿತ ಪ್ರಬಂಧ. ಬಾಕ್‌ಫಾರ್ಕ್ ಹದಿನಾರನೇ ಶತಮಾನದ ಲೂಟ್ ವಾದಕ, ಟ್ರಾನ್ಸಿಲ್ವೇನಿಯಾದವನು. ಪೋಲೆಂಡಿನ ರಾಜ ಎರಡನೇ ಜಿಗ್‌ಮುಂತ್ ಅಗಸ್ಟಸ್‌ನ ಆಸ್ಥಾನದಲ್ಲಿ ವರ್ಷಗಟ್ಟಲೆ ಇದ್ದವನು. ಆ ಕಾಲದ ಲೂಟ್ ಬರಹದಲ್ಲಿ ಸ್ವರ ಇರುವುದಿಲ್ಲ. ಯಾವ ತಂತಿಯ ಮೇಲೆ ಯಾವ ಮನೆಯಲ್ಲಿ ಬೆರಳಿಡಬೇಕು ಎಂಬ ಅಕ್ಷರ ಅಥವಾ ಅಂಕಿ ಇರುತ್ತದೆ, ಯಾವಾಗ ಮೀಟಬೇಕು ಎಂಬುದಕ್ಕೆ ಮೇಲೊಂದು ಗುರುತು ಇರುತ್ತದೆ. ಮೀಟಿದ ಮೇಲೆ ಆ ನಾದ ಎಲ್ಲಿಯವರೆಗೆ ನಿಲ್ಲಬೇಕು, ಎರಡು ಮೂರು ಎಳೆಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದು, ಹೇಳಿರುವುದಿಲ್ಲ. ಅದನ್ನು ಇಂದಿನ ಸ್ವರಲಿಪಿಗೆ ಇಳಿಸುವವನು ಪ್ರತಿ ಮಾತ್ರೆಗೂ ತಾನೇ ನಿರ್ಧರಿಸಬೇಕು. ಇಲ್ಲಿ ಸಂಯೋಜಕನ ಕಿವಿ ಇಲ್ಲದವನು ಒಂದು ಸಾಲೂ ದಾಟಲಾರ. ಹಾಗೆಂದು ಕಿವಿಗೆ ಇಂಪೆನಿಸಿದ್ದನ್ನೆಲ್ಲ ಬರೆದುಬಿಟ್ಟರೆ ಅದು ಬಾಕ್‌ಫಾರ್ಕ್ ಸಂಗೀತವಾಗಿ ಉಳಿಯುವುದೂ ಇಲ್ಲ. ಹಳೆಯ ಪ್ರತಿಗಳ ಮೇಲೆ ನಾನು ಮಾಡುವ ಕೆಲಸದಲ್ಲಿ ಗ್ರಂಥಸಂಪಾದನೆಗೆ ಇದಕ್ಕಿಂತ ಒಳ್ಳೆಯ ಗರಡಿ ಕಂಡಿಲ್ಲ. ಪತ್ರ ಸಂಗ್ರಹಕ್ಕೆ ಕೈಹಾಕುವಾಗ ಒಪ್ಯೆನ್ಸ್ಕಿ ಈ ಗರಡಿಯಲ್ಲಿ ಪಳಗಿದ್ದರು.

ಸಂಯೋಜನೆಯ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. ‘ಮರಿಯಾ’ ಮತ್ತು ‘ಲೂಟ್ ವಾದಕ ಯಾಕುಬ್’ ಎಂಬ ಎರಡು ಒಪೆರಾಗಳು ಪೊಜ್ನಾನ್‌ನಲ್ಲಿ 1923 ಮತ್ತು 1927ರಲ್ಲಿ ರಂಗಕ್ಕೆ ಬಂದವು. ‘ಲಿಲ್ಲಾ ವೆನೆದಾ’, ‘ಜಿಗ್‌ಮುಂತ್ ಅಗಸ್ಟಸ್ ಮತ್ತು ಬಾರ್ಬರಾ’ ಎಂಬ ವಾದ್ಯವೃಂದದ ಕಾವ್ಯಗಳಿವೆ, ‘ದಾರಿ ತಪ್ಪಿದ ಮಗ’ ಎಂಬ ಒರಟೋರಿಯೊ ಇದೆ, ಹಾಡುಗಳಿವೆ. ಇವು ಇಂದು ವೇದಿಕೆಯ ಮೇಲೆ ಅಪರೂಪ. ಹನ್ನೆರಡು ವರ್ಷ ಕಿರಿಯನಾದ ಸಂಯೋಜಕ ಶಿಮಾನೊವ್ಸ್ಕಿ ಪೋಲಿಷ್ ಸಂಗೀತದ ದಾರಿಯನ್ನೇ ಬದಲಿಸಿಬಿಟ್ಟ. ಅವನ ಮುಂದೆ ಒಪ್ಯೆನ್ಸ್ಕಿ ಹಳೆಯ ಕಾಲದವರಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಶೀರ್ಷಿಕೆಗಳನ್ನು ಇನ್ನೊಮ್ಮೆ ನೋಡಿ. ಬಾಕ್‌ಫಾರ್ಕ್ ಯಾರ ಆಸ್ಥಾನದಲ್ಲಿ ನುಡಿಸಿದನೋ ಆ ರಾಜನೂ ಅವನ ರಾಣಿಯೂ ವಾದ್ಯವೃಂದದ ಕೃತಿಯಾಗಿದ್ದಾರೆ. ಒಬ್ಬ ಲೂಟ್ ವಾದಕ ಒಪೆರಾದ ನಾಯಕನಾಗಿದ್ದಾನೆ. ಸಂಶೋಧಕನಿಗೂ ಸಂಯೋಜಕನಿಗೂ ಅಲ್ಲಿ ಬೇರೆ ಬೇರೆ ಮೇಜು ಇರಲಿಲ್ಲ.

ಹಾಡಿಸುವವರಾಗಿ ಅವರ ಹೆಸರು ಸ್ವಿಟ್ಜರ್ಲೆಂಡಿನಲ್ಲಿ ಹೆಚ್ಚು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಲೊಜಾನ್‌ನಲ್ಲಿ ‘ಮೊಟೆ ಎ ಮಾದ್ರಿಗಾಲ್’ ಎಂಬ ಸಣ್ಣ ಗಾಯನವೃಂದ ಕಟ್ಟಿ ಹಳೆಯ ಬಹುಧ್ವನಿ ಸಂಗೀತವನ್ನು ಯುರೋಪಿನ ಊರೂರಿಗೆ ಒಯ್ದರು. ಹೆಂಡತಿ ಲೀಡಿಯಾ ಬಾರ್ಬ್ಲಾನ್ ಕೂಡ ಗಾಯಕಿ, ಸಂಯೋಜಕಿ. ಪೋಲೆಂಡ್ ಮತ್ತೆ ದೇಶವಾದಾಗ ಪೊಜ್ನಾನ್‌ನ ಸಂಗೀತ ವಿದ್ಯಾಲಯದ ಮುಖ್ಯಸ್ಥರಾಗಿ 1926ರವರೆಗೆ ಅಲ್ಲಿದ್ದು ಮತ್ತೆ ಮೊರ್ಜ್‌ಗೆ ಮರಳಿದರು. ಪಾದೆರೆವ್ಸ್ಕಿಯ ಮನೆ ಇದ್ದದ್ದೂ ಅದೇ ಊರಿನ ಬಳಿ.

ಈಗ ಪುಸ್ತಕಕ್ಕೆ ಬರೋಣ. ಒಪ್ಯೆನ್ಸ್ಕಿಯ ಸಂಗ್ರಹ ಪ್ರಾಮಾಣಿಕ, ಆದರೆ ಹಳೆಯದು. ದೋಷ ಬಹುಪಾಲು ಅವರ ಕೈಗೆ ಬಂದ ಸಾಮಗ್ರಿಯದು, ಏಕೆಂದರೆ ಶೋಪ್ಯಾನ್‌ನ ಕಾಗದಗಳಿಗೆ ಬೆಂಕಿ ಬಿದ್ದದ್ದು ಒಂದು ಸಲವಲ್ಲ. 1863ರ ಸೆಪ್ಟೆಂಬರ್ 19ರಂದು ವಾರ್ಸಾದಲ್ಲಿ ರಷ್ಯಾದ ರಾಜ್ಯಪಾಲನ ಮೇಲೆ ದಾಳಿಯಾಯಿತು. ದಾಳಿ ನಡೆದದ್ದು ಜಮೋಯ್ಸ್ಕಿ ಅರಮನೆಯ ಬಳಿ ಎಂದು ಸೈನಿಕರು ಒಳನುಗ್ಗಿ ಸಿಕ್ಕಿದ್ದನ್ನೆಲ್ಲ ಬೀದಿಗೆಸೆದು ಸುಟ್ಟರು. ಶೋಪ್ಯಾನ್‌ನ ತಂಗಿ ಇಜಬೆಲಾ ಅಲ್ಲಿ ವಾಸವಿದ್ದಳು. ಅವನ ಎಳೆವಯಸ್ಸಿನ ಪಿಯಾನೊ ಕಿಟಕಿಯಿಂದ ಕೆಳಗೆ ಬಿತ್ತು, ಕಾಗದಗಳೂ ಹೋದವು. ಅವನ ಸಂಗಾತಿಯಾಗಿದ್ದ ಫ್ರೆಂಚ್ ಲೇಖಕಿ ಜಾರ್ಜ್ ಸಾಂಡ್ ಅವನಿಗೆ ಬರೆದ ಪತ್ರಗಳ ಕಥೆ ಬೇರೆ. ಅವನು ಸತ್ತ ಮೇಲೆ ಅಕ್ಕ ಲುದ್ವಿಕಾ ಅವನ್ನು ಊರಿಗೆ ಒಯ್ಯುವಾಗ ರಷ್ಯಾದ ಗಡಿಗೆ ಹೆದರಿ ಈಚೆಯ ಊರಲ್ಲೇ ಬಿಟ್ಟಳು. 1851ರಲ್ಲಿ ಅವು ಕಿರಿಯ ಅಲೆಕ್ಸಾಂಡರ್ ದ್ಯೂಮಾ ಕಣ್ಣಿಗೆ ಬಿದ್ದು, ಅವನ ಮೂಲಕ ಸಾಂಡ್ ಕೈ ಸೇರಿ, ಅವಳೇ ಸುಟ್ಟುಹಾಕಿದಳು. ಎರಡನೇ ಮಹಾಯುದ್ಧದಲ್ಲಿ ವಾರ್ಸಾ ಉರಿದಾಗ ಉಳಿದದ್ದರಲ್ಲೂ ಎಷ್ಟೋ ಹೋಯಿತು. ಅಂದರೆ ಯುದ್ಧಕ್ಕೆ ಮುಂಚೆ ಅಚ್ಚಾದ ಸಂಗ್ರಹಗಳಿಗೆ ಇಂದು ಪುಸ್ತಕದ ಬೆಲೆಯ ಜೊತೆಗೆ ಸಾಕ್ಷಿಯ ಬೆಲೆಯೂ ಇದೆ.

ಇದರ ಮೇಲೆ ಆರಂಭದ ಜೀವನಚರಿತ್ರೆಕಾರರಲ್ಲೊಬ್ಬನಾದ ಮೌರಿಸಿ ಕರಸೋವ್ಸ್ಕಿ. 1877ರಲ್ಲಿ ಜರ್ಮನ್ನಿನಲ್ಲಿ ಅವನ ಪುಸ್ತಕ ಬಂತು. ಮನೆಯವರು ಕೊಟ್ಟ ಪತ್ರಗಳನ್ನು ನೋಡಿದ ಅದೃಷ್ಟವಂತ. ದುರದೃಷ್ಟವೆಂದರೆ ಶೋಪ್ಯಾನ್‌ನ ಒರಟು ಸಾಲುಗಳನ್ನು ನಯ ಮಾಡುವ ಚಾಳಿ ಅವನಿಗಿತ್ತು, ಮತ್ತು ಮೂಲ ನಾಶವಾದ ಕಡೆ ನಮಗೆ ಉಳಿದದ್ದು ಅವನು ಅಚ್ಚು ಹಾಕಿಸಿದ ಪಾಠವೇ. ಊರು ಬಿಡುವಾಗ ಗೆಳೆಯರು ಬೆಳ್ಳಿ ಬಟ್ಟಲಲ್ಲಿ ಪೋಲೆಂಡಿನ ಮಣ್ಣು ಕೊಟ್ಟರು ಎಂಬ ಕಥೆಯನ್ನೂ ಹರಡಿದವನು ಇವನೇ. 1830ರ ನವೆಂಬರ್ 2ರಂದು ವಾರ್ಸಾದ ಅಂಚಿನಲ್ಲಿ ಗುರು ಎಲ್ಸ್ನರ್ ಒಂದು ಹಾಡು ಹಾಡಿಸಿ ಬೀಳ್ಕೊಟ್ಟದ್ದು ನಿಜ, ಬಟ್ಟಲಿಗೆ ಆಧಾರವಿಲ್ಲ. ನಿಮ್ಮ ಮುನ್ನುಡಿಯಲ್ಲಿ ಬಟ್ಟಲು ಇದ್ದರೆ ತೆಗೆದುಬಿಡಿ.

ನಿಮ್ಮ ಆಯ್ಕೆಯಲ್ಲಿ ತಿತುಸ್ ವೊಯ್ಚಿಯೆಹೋವ್ಸ್ಕಿಗೆ ಬರೆದ ಪತ್ರಗಳು ಖಂಡಿತ ಇರುತ್ತವೆ, ಅಲ್ಲಿ ಹುಷಾರಾಗಿರಿ. ಹತ್ತೊಂಬತ್ತು ಇಪ್ಪತ್ತರ ಹುಡುಗ ಗೆಳೆಯನಿಗೆ ಮುತ್ತು ಕೊಡು ಎನ್ನುತ್ತಾನೆ, ಅಪ್ಪಿಕೊಳ್ಳುತ್ತಾನೆ. ಅನುವಾದಕರು ಇಲ್ಲಿ ಹೆಣ್ಣಿನ ನೆರಳು ತಂದು ತಿದ್ದಿದ್ದಾರೆ ಎಂಬ ವಾದ 2020ರಲ್ಲಿ ಸ್ವಿಸ್ ರೇಡಿಯೋದಿಂದ ಎದ್ದು ಜಗತ್ತೆಲ್ಲ ಸುದ್ದಿಯಾಯಿತು. ಉದಾಹರಣೆ 1829ರ ಅಕ್ಟೋಬರ್ 3ರ ಪತ್ರ: ಆರು ತಿಂಗಳಿಂದ ಒಂದು ಮಾತೂ ಆಡದೆ ಆರಾಧಿಸುತ್ತಿರುವ ‘ಆದರ್ಶ’ದ ಬಗ್ಗೆ ಬರೆಯುತ್ತಾನೆ. ಪೋಲಿಷಿನಲ್ಲಿ ಆ ಪದ ವ್ಯಾಕರಣದ ಪ್ರಕಾರ ಪುಲ್ಲಿಂಗ, ಅದರಿಂದಲೇ ಆ ವ್ಯಕ್ತಿ ಗಂಡೆಂದು ಆಗುವುದಿಲ್ಲ, ಹೆಣ್ಣೆಂದೂ ಆಗುವುದಿಲ್ಲ. ಹಾಡುಗಾರ್ತಿ ಕೊನ್ಸ್ತಾನ್ಸಿಯಾ ಗ್ಲಾದ್ಕೊವ್ಸ್ಕಾ ಎಂದು ಜೀವನಚರಿತ್ರೆಕಾರರು ಓದುತ್ತ ಬಂದಿದ್ದಾರೆ. ಕನ್ನಡದಲ್ಲಿ ‘ಅವಳು’ ಎಂದೋ ‘ಅವನು’ ಎಂದೋ ಬರೆದ ತಕ್ಷಣ ನೀವು ಪಕ್ಷ ವಹಿಸಿದಂತೆ. ‘ಆ ಆದರ್ಶ’, ‘ಅದು’ ಎಂದೇ ಸಾಗಿಸಬಹುದು, ಸ್ವಲ್ಪ ಕಷ್ಟಪಟ್ಟರೆ. ಮುತ್ತುಗಳನ್ನು ಇದ್ದಂತೆ ಬಿಡಿ. ಸಮರ್ಥನೆಯೂ ಬೇಡ, ಕತ್ತರಿಯೂ ಬೇಡ.

ಅನುವಾದಕಿ ವಾಯ್ನಿಚ್ ಬಗ್ಗೆ ಚೂರು. ಎಥೆಲ್ ಲಿಲಿಯನ್ ವಾಯ್ನಿಚ್ ಗಣಿತಜ್ಞ ಜಾರ್ಜ್ ಬೂಲ್‌ರ ಮಗಳು, ಕಾದಂಬರಿಕಾರ್ತಿ. ಗಂಡ ವಿಲ್ಫ್ರಿಡ್ ಪೋಲೆಂಡಿನ ಕ್ರಾಂತಿಕಾರಿಗಳಲ್ಲಿದ್ದು ಆಮೇಲೆ ಹಳೆಯ ಪುಸ್ತಕಗಳ ವ್ಯಾಪಾರಿಯಾದವರು. (ತಾಯಿಯ ಕಡೆಯಿಂದ ಆಕೆ ಎವರೆಸ್ಟ್ ಶಿಖರಕ್ಕೆ ಯಾರ ಹೆಸರಿದೆಯೋ ಆ ಸರ್ವೇಯರ್ ಜಾರ್ಜ್ ಎವರೆಸ್ಟ್ ಮನೆತನದವರು. ಮುನ್ನುಡಿಗೆ ಬೇಕಾದರೆ ಇಟ್ಟುಕೊಳ್ಳಿ.) ಪೋಲಿಷ್ ಬಲ್ಲವರಾದ್ದರಿಂದ ಮೂಲದಿಂದಲೇ ಅನುವಾದಿಸಿದರು. ಇನ್ನೊಂದು ಸಂಗತಿ: ಈ ಇಂಗ್ಲಿಷ್ ಸಂಪುಟ 1931ರಲ್ಲಿ ಬಂತು, ಒಪ್ಯೆನ್ಸ್ಕಿಯ ಪೋಲಿಷ್ ಸಂಪುಟ ವಾರ್ಸಾದಲ್ಲಿ ಹೊರಬಂದದ್ದು 1937ರಲ್ಲಿ. ಅಂದರೆ ನಿಮ್ಮ ಕೈಯಲ್ಲಿರುವುದು ಮೂಲ ಸಂಪುಟಕ್ಕಿಂತ ಮೊದಲು ಹುಟ್ಟಿದ ಅನುವಾದ. ಅದು ಪೋಲಿಷ್ ಸಂಪುಟದ ಸಾಲುಸಾಲಿಗೂ ಹೊಂದುತ್ತದೆ ಎಂದು ಭಾವಿಸಬೇಡಿ.

ಹಕ್ಕಿನ ವಿಷಯ. ಭಾರತದ ಕಾಯಿದೆಯಂತೆ ಲೇಖಕ ಸತ್ತ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಒಪ್ಯೆನ್ಸ್ಕಿ ಸತ್ತದ್ದು 1942, ವಾಯ್ನಿಚ್ 1960. ಹಾಗಾಗಿ ವಾಯ್ನಿಚ್ ಅನುವಾದವೂ ಇಲ್ಲಿ 2021ರ ಜನವರಿಯಿಂದ ಮುಕ್ತ. ಆದರೆ ಪುಸ್ತಕ ಮೊದಲು ಬಂದದ್ದು ಅಮೆರಿಕದಲ್ಲಿ, ಅಲ್ಲಿನ ಲೆಕ್ಕ ಪ್ರಕಟಣೆಯಿಂದ. ಹಕ್ಕು ಸಕಾಲಕ್ಕೆ ನವೀಕರಣಗೊಂಡಿದ್ದರೆ 95 ವರ್ಷ, ಅಂದರೆ 2026ರ ಕೊನೆಯವರೆಗೆ. ಅಚ್ಚು ಮಾಡಿ ಕರ್ನಾಟಕದಲ್ಲಿ ಮಾರುವುದಾದರೆ ಚಿಂತೆಯಿಲ್ಲ. ಅಮೆರಿಕದ ಕನ್ನಡಿಗರಿಗೆ ಇ-ಪುಸ್ತಕ ಮಾರುವ ಯೋಚನೆಯಿದ್ದರೆ 2027ರವರೆಗೆ ಕಾಯುವುದು, ಇಲ್ಲವೇ ಹಕ್ಕುಸ್ವಾಮ್ಯದ ವಕೀಲರನ್ನು ಒಮ್ಮೆ ಕೇಳುವುದು ಒಳ್ಳೆಯದು. ನಿಮ್ಮದು ನಂತರದ ಮರುಮುದ್ರಣವಾಗಿದ್ದರೆ ಅದಕ್ಕೆ ಹೊಸದಾಗಿ ಸೇರಿದ ಪ್ರಸ್ತಾವನೆ, ಟಿಪ್ಪಣಿಗಳನ್ನು ಮುಟ್ಟಬೇಡಿ.

ನಿಮ್ಮ ಮುಂದೆ ಮೂರು ದಾರಿಗಳಿವೆ. ವಾಯ್ನಿಚ್ ಒಂದನ್ನೇ ನಂಬಿ ಮುಗಿಸುವುದು ಮೊದಲನೆಯದು. ಬೇಗ ಆಗುತ್ತದೆ, ಖರ್ಚಿಲ್ಲ. ಆದರೆ 1931ರ ತಾರೀಖುಗಳು, 1931ರ ಊಹೆಗಳು ಕನ್ನಡಕ್ಕೆ ಬರುತ್ತವೆ. ಶೋಪ್ಯಾನ್ ಎಷ್ಟೋ ಪತ್ರಕ್ಕೆ ತಾರೀಖು ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ‘ಮಂಗಳವಾರ’ ಎಂದಷ್ಟೇ ಇದ್ದರೆ ಸಂಪಾದಕ ಅಂಚೆಮುದ್ರೆ, ಪತ್ರದಲ್ಲಿ ಬಂದ ಸಂಗೀತ ಕಚೇರಿ, ಊರುಗಳ ಹೆಸರು ಹಿಡಿದು ಲೆಕ್ಕ ಹಾಕಬೇಕಾಗುತ್ತದೆ. ಇಂಥ ಲೆಕ್ಕಗಳು ಆಮೇಲೆ ಎಷ್ಟೋ ಕಡೆ ಬದಲಾಗಿವೆ. ಎರಡನೆಯದು 2016ರಲ್ಲಿ ವಾರ್ಸಾದ ಶೋಪ್ಯಾನ್ ಸಂಸ್ಥೆ ಹೊರತಂದ ಡೇವಿಡ್ ಫ್ರಿಕ್ ಅನುವಾದಕ್ಕೆ ಬದಲಾಗುವುದು. ಪಾಠ ಉತ್ತಮ, ಶೋಪ್ಯಾನ್‌ನ ಒರಟುತನ ಹಾಗೇ ಉಳಿದಿದೆ. ಆದರೆ ಪೋಲಿಷಿನಲ್ಲಿ ಬರೆದ ಪತ್ರಗಳಷ್ಟೇ ಅದರಲ್ಲಿವೆ, ಹಕ್ಕು ಜೀವಂತ, ಅನುಮತಿ ಪತ್ರ ಕೈಗೆ ಬರದೆ ಒಂದು ಪುಟವನ್ನೂ ಅಚ್ಚಿಗೆ ಕೊಡುವಂತಿಲ್ಲ. ಅರ್ಧ ಮುಗಿದ ಕೆಲಸವೂ ವ್ಯರ್ಥ.

ನಾನಾದರೆ ಮೂರನೆಯದನ್ನು ಹಿಡಿಯುತ್ತೇನೆ. ವಾಯ್ನಿಚ್ ಪಾಠ ಆಧಾರವಾಗಿರಲಿ. ಪ್ರತಿ ಪತ್ರದ ತಾರೀಖು, ಯಾರಿಗೆ, ಎಲ್ಲಿಂದ ಎಂಬುದನ್ನು ಹೊಸ ಪೋಲಿಷ್ ಸಂಪುಟಗಳಲ್ಲಿ ನೋಡಿ ತಿದ್ದಿ. ಹೆಲ್ಮನ್, ಸ್ಕೊವ್ರೊನ್, ವ್ರುಬ್ಲೆವ್ಸ್ಕಾ-ಸ್ತ್ರಾವುಸ್ ಮೂವರ ಸಂಪಾದಕತ್ವದಲ್ಲಿ 2009ರಿಂದ ಅವು ಬರುತ್ತಿವೆ. ಸಂಗತಿ ತಿಳಿದುಕೊಳ್ಳಲು ಯಾರ ಅನುಮತಿಯೂ ಬೇಡ, ಸಾಲು ಎತ್ತಿಕೊಂಡರೆ ಮಾತ್ರ ಬೇಕು. ಅನುಮಾನ ಬಂದ ಸಾಲುಗಳಿಗೆ ಪೋಲಿಷ್ ಬಲ್ಲವರೊಬ್ಬರನ್ನು ಹುಡುಕಿ. ಇಡೀ ಪುಸ್ತಕ ಓದಿಸಬೇಕಿಲ್ಲ, ಗುರುತು ಹಾಕಿದ ಸಾಲುಗಳನ್ನಷ್ಟೇ. ಫ್ರೆಂಚಿನಲ್ಲಿ ಬರೆದ ಪತ್ರಗಳು ನಿಮ್ಮ ಪಟ್ಟಿಯಲ್ಲಿದ್ದರೆ ಅವನ್ನು ನೇರ ಫ್ರೆಂಚಿನಿಂದಲೇ ಮಾಡಿಸುವುದು ಸುಲಭ. ಬೆಂಗಳೂರು, ಮೈಸೂರುಗಳಲ್ಲಿ ಫ್ರೆಂಚ್ ಬಲ್ಲವರಿಗೆ ಬರವಿಲ್ಲ.

ಪ್ರತಿ ಪತ್ರದ ಕೆಳಗೆ ಒಂದು ಸಾಲಿನ ಟಿಪ್ಪಣಿ ಇರಲಿ: ಮೂಲಪ್ರತಿ ಉಳಿದಿದೆಯೋ, ನಕಲಿನಿಂದ ಬಂದದ್ದೋ, ಕರಸೋವ್ಸ್ಕಿಯ ಮೂಲಕ ಮಾತ್ರ ಸಿಕ್ಕಿದ್ದೋ. ತಿತುಸ್ ಪತ್ರಗಳಿಗೆ ಇದು ಬೇಕೇ ಬೇಕು, ಅವುಗಳಲ್ಲಿ ಬಹುಪಾಲಿನ ಮೂಲ ಈಗಿಲ್ಲ. ಶೀರ್ಷಿಕೆ ಪುಟದಲ್ಲಿ ‘ಪೋಲಿಷ್ ಮೂಲದಿಂದ’ ಎಂದು ಹಾಕದೆ ‘ಒಪ್ಯೆನ್ಸ್ಕಿ ಸಂಗ್ರಹದ ವಾಯ್ನಿಚ್ ಇಂಗ್ಲಿಷ್ ಅನುವಾದದಿಂದ’ ಎಂದೇ ಹಾಕಿ. ಪ್ರಕಾಶಕರು ಇದಕ್ಕೆ ಮುಖ ಸಿಂಡರಿಸಬಹುದು, ಬಿಡಬೇಡಿ. ಮತ್ತು ಅವಸರ ಮಾಡದೆ ಫೊಂತಾನಾ ಪತ್ರಗಳನ್ನು ಮೊದಲು ಮುಗಿಸಿ. ವಿವಾದ ಕಡಿಮೆ, ನಗು ಹೆಚ್ಚು, ಗೋಡೆಯ ಕಾಗದದ ಬಣ್ಣಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರು ಹುಡುಕುವ ಕೆಲಸವೂ ಇದೆ.